ಒಳಂಚು ಸವೆದ ಮುಂದಿನ ಟೈರು

ಚಿಕ್ಕಪ್ಪ (ಮನೆಯವರ ಚಾಟ್ ಗುಂಪಿನಲ್ಲಿ ಒಂದು ವಿಡಿಯೊ ಹಂಚಿಕೊಂಡು): ಲಾರಿಯ ಮುಂದಿನ ಟೈರು ಒಂದೇ ಅಂಚಿನಲ್ಲಿ ಸವೆದರೆ, ರಿಮ್ಮಿನಿಂದ ಬಿಚ್ಚಿ, ಒಳಗಿನ ಅಂಚು ಹೊರಗೆ ಬರುವಂತೆ ಮಗುಚಿ ಹಾಕಿದರೆ ಸಾಕು ಎಂದು ಇದರಲ್ಲಿ ಚೆನ್ನಾಗಿ ತೋರಿಸಿದ್ದಾರೆ. ನಮ್ಮ ಲಾರಿಗೂ ಹಾಗೆಯೇ ಮಾಡಿಸುತ್ತೇನೆ.

ನಾನು: ಚಿಕ್ಕಪ್ಪ, ಮಗುಚಿ ಹಾಕುವುದು ತಪ್ಪಲ್ಲ, ಆದರೆ ಅಷ್ಟೇ ಸಾಕು ಎಂಬುದನ್ನು ಒಪ್ಪಲಾರೆ. ಗಾಳಿ ಕಡಿಮೆಯಿದ್ದರೆ ಎರಡೂ ಅಂಚು ಸವೆಯುತ್ತವೆ, ಹೆಚ್ಚಿದ್ದರೆ ನಡುಭಾಗ ಸವೆಯುತ್ತದೆ. ಮುಂದಿನ ಎರಡೂ ಟೈರುಗಳ ಒಳಂಚು ಸವೆದಿದ್ದರೆ, ಚಕ್ರಗಳ ಮುಂಭಾಗ ಹೊರಕ್ಕೆ ತೆರೆದುಕೊಂಡು, ಟೈರು ಉರುಳುವುದರ ಜೊತೆಗೆ ರಸ್ತೆಗೆ ಅಡ್ಡಲಾಗಿ ಉಜ್ಜಿಕೊಂಡೂ ಹೋಗುತ್ತಿದೆ ಎಂದೇ ಸಾಮಾನ್ಯವಾಗಿ ತಿಳಿಯಬೇಕು. ನಿನ್ನೆ ಹಿರಿಯೂರಿನಲ್ಲಿ ಲಾರಿ ನಿಂತಿದ್ದಾಗ ಬಲಗಡೆಯ ಟೈರಿನ ಮೇಲೆ ಅಂಗೈ ಆಡಿಸಿ ನೋಡಿದೆ. ಒಳಗಿನಿಂದ ಹೊರಕ್ಕೆ ಎಳೆದಾಗ ನುಣುಪಾಗಿತ್ತು, ಹೊರಗಿನಿಂದ ಒಳಕ್ಕೆ ತಂದಾಗ ಪ್ರತಿ ಪಟ್ಟಿಯ ಅಂಚೂ ಗರಗಸದಂತೆ ಕೈಗೆ ತಾಗಿತು; ಅಡ್ಡಲಾಗಿ ಉಜ್ಜಿಕೊಂಡದ್ದರ ಗುರುತು ಅದೇ. ಲಾರಿ ಓಡಿಸುವ ನಮ್ಮ ತಮ್ಮ ಸ್ಟೇರಿಂಗನ್ನು ಅತ್ತಿತ್ತ ಅಲುಗಿಸಿದಾಗ, ಮುಂದಿನ ಎರಡು ಚಕ್ರಗಳನ್ನು ಜೋಡಿಸುವ ಕಂಬಿಯ ತುದಿಯ ಕೀಲು, ಅಂದರೆ ಟೈ ರಾಡ್ ಎಂಡ್, ಸಡಿಲವಾಗಿ ಆಡುತ್ತಿದ್ದುದೂ ಕಂಡಿತು. ಅದನ್ನು ಬದಲಿಸಿ, ಚಕ್ರಗಳು ನೇರಕ್ಕೆ ನಿಲ್ಲುವಂತೆ ಅಲೈನ್‌ಮೆಂಟ್ ಮಾಡಿಸದೆ ಟೈರು ಮಗುಚಿದರೆ, ಈಗ ಚೆನ್ನಾಗಿರುವ ಅಂಚೂ ಹೀಗೆಯೇ ಸವೆದುಹೋಗುತ್ತದೆ.

ಭಾವ: ಮೂವತ್ತು ವರ್ಷ ಲಾರಿ ನಡೆಸಿದವರಿಗೆ ಇದು ತಿಳಿಯದೇ? ನಿಯಮದಲ್ಲಿ ಟೈರಿನ ಗೀರುಗಳು 1.6 ಮಿ.ಮೀ. ಆಳ ಇದ್ದರೆ ಸಾಕು ಎಂದಿದೆ. ಇನ್ನೆರಡು ಟ್ರಿಪ್ಪು ಧಾರಾಳವಾಗಿ ಹೋಗಬಹುದು.

ನಾನು: ಭಾವ, 1989ರ ಕೇಂದ್ರ ಮೋಟಾರು ವಾಹನ ನಿಯಮಗಳು ಹೇಳುವುದು ಕನಿಷ್ಠ ಮಿತಿಯನ್ನು. ಅಮೆರಿಕದಲ್ಲಿ ಲಾರಿಯ ಮುಂದಿನ ಟೈರಿಗೆ ಸುಮಾರು 3.2 ಮಿ.ಮೀ. ಬೇಕು, ಉಳಿದವುಗಳಿಗೆ ಅದರ ಅರ್ಧ ಸಾಕು. ಹಿಂದೆ ಜೋಡಿ ಟೈರುಗಳಿರುವುದರಿಂದ ಒಂದು ಸಿಡಿದರೂ ಪಕ್ಕದ್ದು ಭಾರ ಹೊರುತ್ತದೆ. ಮುಂದೆ ಒಂದೊಂದೇ ಇರುವುದರಿಂದ, ಸಿಡಿದ ಕಡೆಗೆ ಸ್ಟೇರಿಂಗ್ ಎಳೆದುಕೊಂಡು ಹೋಗುತ್ತದೆ. ಮೇಲಾಗಿ ಎಡಗಡೆಯ ಟೈರಿನ ನಡುವೆ ಆಳ ಎಷ್ಟೇ ಇರಲಿ, ಒಳಂಚಿನಲ್ಲಿ ಅಂಗೈಯಗಲ ರಬ್ಬರು ಹೋಗಿ ಟೈರಿನೊಳಗಿನ ತಂತಿ ಕಾಣುತ್ತಿದೆ. ಅಂಥದ್ದನ್ನು ಮಗುಚುವ ಮಾತೇ ಇಲ್ಲ, ತೆಗೆದುಹಾಕಲೇಬೇಕು. ಈರುಳ್ಳಿ ಹೇರಿಕೊಂಡು ರಾತ್ರಿಯಿಡೀ ಯಶವಂತಪುರದವರೆಗೆ ಆ ಲಾರಿ ಓಡಿಸುವವನು ನಮ್ಮ ತಮ್ಮ. ಎರಡು ಟ್ರಿಪ್ಪು ಎಂದು ನೀವು ಬರೆದುದನ್ನು ಓದಿ ನನಗೆ ನಿಜವಾಗಿಯೂ ಸಂಕಟವಾಯಿತು.

ಭಾವ: ತಂತಿ ಕಂಡ ವಿಷಯ ನನಗೆ ಗೊತ್ತಿರಲಿಲ್ಲ.

ಚಿಕ್ಕಪ್ಪ: ನನಗೂ ಯಾರೂ ಹೇಳಲಿಲ್ಲ. ಇವತ್ತು ಲೋಡು ಹಿಡಿಯಬೇಡ ಎಂದು ಅವನಿಗೆ ಈಗಲೇ ಫೋನು ಮಾಡುತ್ತೇನೆ. ಟೈ ರಾಡ್ ಎಂಡ್ ಎರಡೂ ಕಡೆ ಬದಲಿಸಬೇಕೋ, ಸಡಿಲವಾದದ್ದು ಮಾತ್ರವೋ?

ನಾನು: ಎರಡೂ ಕಡೆ ಬದಲಿಸಿಬಿಡಿ, ಚಿಕ್ಕಪ್ಪ. ಮುಂದಿನ ಚಕ್ರ ತಿರುಗಲು ಆಧಾರವಾದ ಕಿಂಗ್‌ಪಿನ್ನು, ಚಕ್ರದ ಬೇರಿಂಗು ಸಡಿಲವಾಗಿವೆಯೇ ಎಂದು ನೋಡಿಸಿದ ಮೇಲೆಯೇ ಅಲೈನ್‌ಮೆಂಟಿಗೆ ಬಿಡಿ; ನಾನೂ ಸಂಜೆ ಗ್ಯಾರೇಜಿಗೆ ಬರುತ್ತೇನೆ.