ಹಳೆಯ ಲಿನಕ್ಸ್ ಕಂಪ್ಯೂಟರಿನಲ್ಲಿ ಮೌಸ್ ಅಲುಗುತ್ತಿಲ್ಲ: ನಿಮ್ಮ ಅನುಭವ ಹೇಳಿ

ಗಂಗಾವತಿಯಿಂದ ಪ್ರಶ್ನೆ: ಅಕ್ಕಿ ಗಿರಣಿಯ ಲೆಕ್ಕಕ್ಕೆ ಇಟ್ಟಿರುವ ಹಳೆಯ ಕಂಪ್ಯೂಟರಿನಲ್ಲಿ ವಿಂಡೋಸ್ ಬದಲು ಲಿನಕ್ಸ್ ಮಿಂಟ್ ಎಂಬ ಕಾರ್ಯಾಚರಣಾ ವ್ಯವಸ್ಥೆ ಇದೆ. ಮೊನ್ನೆಯಿಂದ ಮೌಸಿನ ಬಾಣ ಪರದೆಯ ನಡುವೆ ನಿಂತುಬಿಟ್ಟಿದೆ. ಕೀಬೋರ್ಡ್ ಸರಿಯಾಗಿದೆ. ರಿಪೇರಿಯವರು ಲಿನಕ್ಸ್ ತೆಗೆಸಿ ಎನ್ನುತ್ತಿದ್ದಾರೆ. ಅದಕ್ಕೆ ಮೊದಲು ಏನೇನು ನೋಡಬೇಕು?

ರಾಯಚೂರಿನಿಂದ: ದಯವಿಟ್ಟು ಅವಸರದಲ್ಲಿ ಲಿನಕ್ಸ್ ತೆಗೆಸಬೇಡಿ. ಅದೇ ಮೌಸನ್ನು ಬೇರೆ ಕಂಪ್ಯೂಟರಿಗೆ ಹಾಕಿ ನೋಡಿ, ಅರ್ಧ ಸಂಶಯ ಅಲ್ಲೇ ಬಗೆಹರಿಯುತ್ತದೆ. ತಂತಿಯ ತುದಿ ದುಂಡಗೆ, ಹಸಿರಾಗಿದ್ದರೆ ಅದು ಪಿಎಸ್/2, ಐಬಿಎಂ 1987ರಲ್ಲಿ ತಂದ ಜೋಡಣೆ. ಕಂಪ್ಯೂಟರ್ ಓಡುತ್ತಿರುವಾಗ ಅದನ್ನು ಕಿತ್ತು ಸಿಕ್ಕಿಸಬಾರದು. ಪೂರ್ತಿ ಬಂದ್ ಮಾಡಿ, ಪಿನ್ನುಗಳು ಬಾಗಿವೆಯೇ ನೋಡಿ, ಸಿಕ್ಕಿಸಿ, ಆಮೇಲೆ ಚಾಲೂ ಮಾಡಿ. ನೇರಳೆ ಕಿಂಡಿ ಕೀಬೋರ್ಡಿನದು. ಯುಎಸ್‌ಬಿ ಆಗಿದ್ದರೆ ಮುಂಭಾಗದ ಕಿಂಡಿ ಬಿಟ್ಟು ಹಿಂಭಾಗದ್ದಕ್ಕೆ ಹಾಕಿ.

ಬಳ್ಳಾರಿಯಿಂದ: ನಮ್ಮದು ಜೀನ್ಸ್ ಹೊಲಿಯುವ ಘಟಕ. ಮೌಸನ್ನು ಬೋರಲು ಮಾಡಿ ಕೆಂಪು ಬೆಳಕಿನ ಕಿಂಡಿಯೊಳಗೆ ಇಣುಕಿದರೆ ಎಷ್ಟೋ ಸಲ ನೀಲಿ ನೂಲಿನ ಎಳೆಯೊಂದು ಮಸೂರಕ್ಕೆ ಅಡ್ಡವಾಗಿ ಕೂತಿರುತ್ತದೆ. ಬಾಣ ನಿಲ್ಲುವುದಕ್ಕೂ ಅಡ್ಡಾದಿಡ್ಡಿ ಎಗರುವುದಕ್ಕೂ ಅಷ್ಟು ಸಾಕು. ನಿಮ್ಮಲ್ಲಿ ತೌಡಿನ ಧೂಳು ಇರಬೇಕು. ಒಣಗಿದ ಮೆತ್ತನೆಯ ಬ್ರಷ್ಷಿನಿಂದ ತೆಗೆಯಿರಿ. ಮೇಜಿಗೆ ಗಾಜು ಹಾಸಿದ್ದರೆ ಮೌಸಿನ ಕೆಳಗೆ ಕಾಗದ ಇಡಿ.

ಇಷ್ಟಾದರೂ ಅಲುಗದಿದ್ದರೆ ಕಂಪ್ಯೂಟರನ್ನೇ ಕೇಳಿ. ಲಿನಕ್ಸಿನಲ್ಲಿ ನನಗೆ ಬಹಳ ಹಿಡಿಸಿದ್ದು ಇದೇ, ಅದು ಏನನ್ನೂ ಮುಚ್ಚಿಡುವುದಿಲ್ಲ. ಕಂಟ್ರೋಲ್, ಆಲ್ಟ್, ಟಿ ಒಟ್ಟಿಗೆ ಒತ್ತಿ ಟರ್ಮಿನಲ್, ಅಂದರೆ ಆಜ್ಞೆ ಬರೆಯುವ ಕಿಟಕಿ, ತೆರೆಯಿರಿ. ಇಂಗ್ಲಿಷಿನ ಸಣ್ಣಕ್ಷರದಲ್ಲಿ, ನಡುವೆ ಜಾಗ ಬಿಡದೆ ಎಲ್‌ಎಸ್‌ಯುಎಸ್‌ಬಿ (lsusb) ಎಂದು ಬರೆದು ಎಂಟರ್ ಒತ್ತಿ, ಜೋಡಿಸಿರುವ ಯುಎಸ್‌ಬಿ ಸಾಧನಗಳ ಪಟ್ಟಿ ಬರುತ್ತದೆ. ಯುಎಸ್‌ಬಿ ಮೌಸ್ ಆ ಪಟ್ಟಿಯಲ್ಲಿ ಇಲ್ಲದಿದ್ದರೆ ತಂತಿ ಅಥವಾ ಕಿಂಡಿಯ ಮೇಲೆ ಅನುಮಾನ ಪಡಿ. ಬಳಿಕ ಸುಡೊ ಡಿಎಂಇಎಸ್‌ಜಿ (sudo dmesg) ಆಜ್ಞೆ ಕೊಡಿ, ಲಿನಕ್ಸ್ ಬರೆದಿಟ್ಟ ಸಂದೇಶಗಳು ಕಾಣುತ್ತವೆ. ಕೊನೆಯ ಸಾಲುಗಳಲ್ಲಿ ‘ಎರರ್ -71’ ಕಂಡರೆ ಮೌಸ್ ಮತ್ತು ಕಂಪ್ಯೂಟರಿನ ನಡುವಿನ ಮಾತುಕತೆ ಕೆಟ್ಟಿದೆ ಎಂದರ್ಥ. ನಾನು ಕಂಡಂತೆ ಹೆಚ್ಚಿನ ಸಲ ತಂತಿ ಬುಡದಲ್ಲಿ ಮುರಿದಿರುತ್ತದೆ. ಲಿನಕ್ಸ್ ತೆಗೆದರೆ ತಂತಿ ಕೂಡಿಕೊಳ್ಳುವುದಿಲ್ಲ!

ಪಿಎಸ್/2 ಮೌಸ್ ಆ ಪಟ್ಟಿಯಲ್ಲಿ ಕಾಣುವುದೇ ಇಲ್ಲ, ಗಾಬರಿಯಾಗಬೇಡಿ. ಅದಕ್ಕೆ ಪಿಎಸ್‌ಮೌಸ್ (psmouse) ಎಂಬ ಚಾಲಕವನ್ನು, ಅಂದರೆ ಡ್ರೈವರನ್ನು, ಮಾಡ್‌ಪ್ರೋಬ್ ಆಜ್ಞೆಯಿಂದ ಒಮ್ಮೆ ಇಳಿಸಿ (sudo modprobe -r psmouse) ಮತ್ತೆ ಏರಿಸಿ (sudo modprobe psmouse).

ಕೊಪ್ಪಳದಿಂದ: ಮೌಸ್ ತುಸು ಹೊತ್ತು ಸುಮ್ಮನಿದ್ದಾಗ ನಿಂತು, ಗುಂಡಿ ಒತ್ತಿದರೆ ಮಾತ್ರ ಎಚ್ಚರಗೊಳ್ಳುತ್ತದೆಯೇ? ಹಾಗಿದ್ದರೆ ವಿದ್ಯುತ್ ಉಳಿತಾಯದ ವ್ಯವಸ್ಥೆ ಅದನ್ನು ಮಲಗಿಸುತ್ತಿದೆ. ವಿದ್ಯುತ್ ಬಳಕೆ ನೋಡುವ ಪವರ್‌ಟಾಪ್ ತಂತ್ರಾಂಶ ಹಾಕಿಸಿದ್ದರೆ ಅದರ ಟ್ಯೂನಬಲ್ಸ್ ಪುಟದಲ್ಲಿ ಮೌಸಿನ ಸಾಲಿಗೆ ಹೋಗಿ ಎಂಟರ್ ಒತ್ತಿ ‘ಬ್ಯಾಡ್’ ಎಂದು ಬದಲಿಸಿ, ಅಂದರೆ ಮೌಸಿಗೆ ವಿದ್ಯುತ್ ಉಳಿತಾಯ ಬೇಡ ಎಂದರ್ಥ.

ಅಲ್ಲಿಯವರೆಗೆ ಲೆಕ್ಕ ನಿಲ್ಲಿಸಬೇಕಿಲ್ಲ. ಸೂಪರ್ ಕೀಲಿ (ವಿಂಡೋಸ್ ಗುರುತಿನದು) ಒತ್ತಿ, ಇಂಗ್ಲಿಷಿನಲ್ಲಿ ಆಕ್ಸೆಸಿಬಿಲಿಟಿ ಎಂದು ಹುಡುಕಿ, ಕೀಲಿಗಳಿಂದಲೇ ಬಾಣ ಓಡಿಸುವ ಮೌಸ್ ಕೀಸ್ ಚಾಲೂ ಮಾಡಿಕೊಳ್ಳಿ. ಬಲಬದಿಯ ಅಂಕಿಗಳಲ್ಲಿ 8 ಮೇಲಕ್ಕೆ, 2 ಕೆಳಕ್ಕೆ, 4 ಎಡಕ್ಕೆ, 6 ಬಲಕ್ಕೆ, 5 ಕ್ಲಿಕ್.