ಪದಚರ್ಚೆ: ಚಿನ್ನದ ಕೆಲಸವಿರುವ ಪಾರಸಿ ಹಸ್ತಪ್ರತಿಗೆ ಕನ್ನಡದಲ್ಲಿ ಏನನ್ನೋಣ?

ಪ್ರಶ್ನೆ, ಬೆಂಗಳೂರಿನಿಂದ

ಎಲ್ಲರಿಗೂ ನಮಸ್ಕಾರ. ಒಂದು ಪ್ರದರ್ಶನದ ಗೋಡೆ ಫಲಕಗಳನ್ನು ಕನ್ನಡಕ್ಕೆ ತರುವ ಕೆಲಸ ಹಿಡಿದಿದ್ದೇನೆ. ನಾಳೆ ಸಂಜೆಯೊಳಗೆ ಅಚ್ಚಿಗೆ ಕೊಡಬೇಕು. ಒಂದು ಫಲಕ ಮಾತ್ರ ಮುಂದಕ್ಕೆ ಹೋಗುತ್ತಿಲ್ಲ.

ವಸ್ತು: ಪಾರಸಿಯ 'ಕಲೀಲ ವ ದಿಮ್ನ', ಅಂದರೆ ಪಂಚತಂತ್ರದ ನರಿಗಳ ಕಥೆಯ ಪಾರಸಿ ರೂಪ. ತೈಮೂರನ ಮೊಮ್ಮಗ ಬೈಸುಂಘುರನಿಗಾಗಿ 1429ರಲ್ಲಿ ಹೆರಾತ್‌ನಲ್ಲಿ ತಯಾರಾದ ಪ್ರತಿ. ಮೂಲ ಇಸ್ತಾಂಬುಲ್‌ನ ಟೋಪ್ಕಾಪಿ ಅರಮನೆಯಲ್ಲಿದೆ. ಇಲ್ಲಿ ತೂಗುಹಾಕುವುದು ಅದರ ಪುಟಗಳ ದೊಡ್ಡ ಫೋಟೋಗಳನ್ನು. ಇಂಗ್ಲಿಷ್ ಫಲಕದಲ್ಲಿ 'ಇಲ್ಯುಮಿನೇಟೆಡ್ ಮ್ಯಾನುಸ್ಕ್ರಿಪ್ಟ್' ಎಂದಿದೆ, ಪದಶಃ 'ಬೆಳಗಿಸಿದ ಹಸ್ತಪ್ರತಿ', ಅಂದರೆ ಚಿನ್ನ, ಬಣ್ಣಗಳಿಂದ ಅಲಂಕರಿಸಿದ್ದು. ಮೊದಲ ಕರಡಿನಲ್ಲಿ ಯಾರೋ 'ಪ್ರಕಾಶಿತ ಹಸ್ತಪ್ರತಿ' ಎಂದು ಹಾಕಿದ್ದಾರೆ. ಪ್ರಕಾಶಿತ ಅಂದ್ರೆ ಅಚ್ಚಾಗಿ ಹೊರಬಂದದ್ದು ಅಂತ ತಿಳಿಯುವವರೇ ಜಾಸ್ತಿ ಅಲ್ವಾ? 'ಸಚಿತ್ರ' ಅಂದರೆ ಸಾಕಾ?

ಇನ್ನೊಂದು ಮಾತು. ಹೆಸರನ್ನು 'ಕಲೀಲ ಮತ್ತು ದಿಮ್ನ' ಅಂತ ಇಡಲೋ, ನಮಗೆ ಗೊತ್ತಿರುವ 'ಕರಟಕ ದಮನಕ' ಅನ್ನಲೋ?

ಉತ್ತರ, ಹಾಸನದಿಂದ

'ಸಚಿತ್ರ ಹಸ್ತಪ್ರತಿ'. ಮುಗಿಯಿತು. ಇದರಲ್ಲಿ ಚರ್ಚೆಗೆ ಏನೂ ಇಲ್ಲ.

ಉತ್ತರ, ಮೈಸೂರಿನಿಂದ

ಮುಗಿದಿಲ್ಲ ಸರ್. ಚಿತ್ರ ಬೇರೆ, ಈ ಕೆಲಸ ಬೇರೆ. ಹೆರಾತ್‌ನಂಥ ಕಡೆ ಬರೆಯುವವನು ಕಾತಿಬ್, ಚಿತ್ರ ಬಿಡಿಸುವವನು ನಕ್ಕಾಶ್, ಚಿನ್ನದ ಅಲಂಕಾರ ಮಾಡುವವನು ಮುಜಹ್ಹಿಬ್. ಒಂದೇ ಒಂದು ಚಿತ್ರವಿಲ್ಲದ ಕುರಾನ್ ಪ್ರತಿಯಲ್ಲೂ ಚಿನ್ನದ ಕೆಲಸ ತುಂಬಿರುತ್ತದೆ. ಅದನ್ನು ಸಚಿತ್ರ ಅನ್ನೋಕಾಗುತ್ತಾ?

ನಾನು ಚಿತ್ರ ಬರೆಯುವವನು. ಹಾಗಾಗಿ ಕೆಲಸ ಹೇಗೆ ನಡೆಯುತ್ತಿತ್ತು ಅನ್ನೋದನ್ನೇ ಹೇಳುತ್ತೇನೆ, ಪದ ಅದರಿಂದಲೇ ಸಿಗಬೇಕು. ಚಿನ್ನದ ರೇಕನ್ನು ಅಂಟಿನ ಜೊತೆ ನುಣ್ಣಗೆ ಅರೆಯಬೇಕು. ನೀರಲ್ಲಿ ತೊಳೆದರೆ ಚಿನ್ನದ ಪುಡಿ ತಳಕ್ಕೆ ಕೂರುತ್ತದೆ. ಅದನ್ನು ಬಣ್ಣದ ಹಾಗೆ ಕುಂಚದಿಂದ ಹಚ್ಚಿ, ಒಣಗಿದ ಮೇಲೆ ನುಣುಪಾದ ಅಗೇಟ್ ಕಲ್ಲಿನಿಂದ ಉಜ್ಜಬೇಕು. ಉಜ್ಜುವ ತನಕ ಅದು ಬರೀ ಮಬ್ಬು ಹಳದಿ. ಹೊಳಪು ಬರುವುದೇ ಕಲ್ಲಿನಿಂದ. ಹೀಗೆ ಮೊದಲ ಪುಟದಲ್ಲಿ ಸೂರ್ಯನಂಥ ಒಂದು ವೃತ್ತ ಬರೆಯುತ್ತಾರೆ, ಅದು ಶಮ್ಸಾ. ಬರಹ ಶುರುವಾಗುವಲ್ಲಿ ತಲೆಪಟ್ಟಿ. ಬರಹದ ಸುತ್ತ ಚಿನ್ನದ ಗೆರೆ, ಅದರ ಎರಡೂ ಅಂಚಿಗೆ ಕೂದಲೆಳೆಯಂಥ ಕಪ್ಪು ಗೆರೆ. ಪಕ್ಕದಲ್ಲಿ ನೀಲಿ. ಒಳ್ಳೆಯ ನೀಲಿ ಬದಖ್ಶಾನಿನ ಲಾಜವರ್ದ್ ಕಲ್ಲನ್ನು ಅರೆದದ್ದು.

ನಮ್ಮ ಮೈಸೂರು ಶೈಲಿಯಲ್ಲಿ ಉಬ್ಬು ಮಾಡಿ ಅದರ ಮೇಲೆ ರೇಕನ್ನೇ ಅಂಟಿಸುತ್ತೇವೆ. ಪದ್ಧತಿ ಬೇರೆ, ಆದರೆ ಬಾಯಲ್ಲಿ ಬರುವ ಮಾತು 'ಚಿನ್ನದ ಕೆಲಸ'. ನೀವೂ 'ಚಿನ್ನದ ಕೆಲಸದ ಹಸ್ತಪ್ರತಿ' ಅನ್ನಿ. ಯಾರಿಗೂ ವಿವರಿಸಬೇಕಾಗಿಲ್ಲ.

ಉತ್ತರ, ಶಿವಮೊಗ್ಗದಿಂದ

'ಹಸ್ತ' ಸಂಸ್ಕೃತ, 'ಪ್ರತಿ' ಸಂಸ್ಕೃತ. ಕನ್ನಡದಲ್ಲಿ 'ಹೊತ್ತಗೆ' ಇರುವಾಗ ಬೇರೆಯವರ ಮನೆಗೆ ಯಾಕೆ ಹೋಗಬೇಕು? ಹೊಂಬಣ್ಣ, ಹೊಂಬಿಸಿಲು, ಹೊಂಬಾಳೆ ಇರುವ ಹಾಗೆ 'ಹೊಂಬರಹ' ಆಗುತ್ತದೆ. 'ಹೊಂಬರಹದ ಹೊತ್ತಗೆ' ಎಂದು ಹಾಕಿ. ಬಳಸಿದರೆ ತಾನಾಗಿ ಬಳಕೆಗೆ ಬರುತ್ತದೆ.

ಉತ್ತರ, ವಿಜಯಪುರದಿಂದ

ಹೊಂಬರಹ ತಪ್ಪು. ಅದು ಚಿನ್ನದಲ್ಲಿ ಬರೆದ ಅಕ್ಷರಕ್ಕೆ ಸರಿ. ಈ ಪುಸ್ತಕದಲ್ಲಿ ಕಥೆ ಬರೆದಿರುವುದು ಕಪ್ಪು ಶಾಯಿಯಲ್ಲಿ. ಚಿನ್ನ ಇರುವುದು ಅದರ ಸುತ್ತ. ಸಂಧಿ ಸರಿಯಾದ ಮಾತ್ರಕ್ಕೆ ಪದ ಸರಿಯಾಗುವುದಿಲ್ಲ. ಸಮಾಸವೇ ಬೇಕು ಅಂದರೆ 'ಹೊಂಗೆಲಸ' ಅನ್ನಿ. ಪಾರಸಿಯವರ ಪದ 'ತಜ್‌ಹೀಬ್', ಅರಬ್ಬಿಯ 'ಜಹಬ್' ಅಂದರೆ ಚಿನ್ನ, ಅದರಿಂದ ಬಂದದ್ದು. ಬೆಳಕಿನ ಮಾತು ಯುರೋಪಿನವರದು. ನಾವು ಅದನ್ನು ಯಾಕೆ ಹೊರಬೇಕು? 'ಪ್ರಕಾಶಿತ', 'ಬೆಳಗಿಸಿದ' ಎಲ್ಲ ಬಿಡಿ.

ಇನ್ನು ಬೇರೆಯವರ ಮನೆಯ ಮಾತು. ಶಿವಮೊಗ್ಗದವರೇ, ನೀವು ಬರೆಯುವ ಕಾಗದ ಪಾರಸಿ. ಶಾಯಿ ಪಾರಸಿಯ 'ಸಿಯಾಹಿ'. ನಮ್ಮ ಕಡೆ ಪುಸ್ತಕಕ್ಕೆ ಕಟ್ಟುವ ಜಿಲ್ದು ಅರಬ್ಬಿ. ಪುಸ್ತಕದ ಕೆಲಸದ ಅರ್ಧ ಮಾತು ನಮಗೆ ಆ ಕಡೆಯಿಂದಲೇ ಬಂದಿದೆ. ಆದಿಲ್‌ಶಾಹಿ ಕಾಲದಲ್ಲಿ ನಮ್ಮ ಊರಲ್ಲೇ ಇಂಥ ಪುಸ್ತಕ ಆಗುತ್ತಿದ್ದವು. 1570ರ 'ನುಜೂಮ್ ಅಲ್ ಉಲೂಮ್' ಇಲ್ಲಿಯದು, ಈಗ ಡಬ್ಲಿನ್‌ನಲ್ಲಿದೆ. ಆ ಮಾತುಗಳನ್ನು ಪರಕೀಯ ಅಂತ ಹೊರಗಿಟ್ಟರೆ ನಮ್ಮದೇ ಊರಿನ ಕೆಲಸವನ್ನು ಹೊರಗಿಟ್ಟ ಹಾಗೆ.

ಉತ್ತರ, ಶಿವಮೊಗ್ಗದಿಂದ

ಮನೆಗೆ ಬಂದವರನ್ನು ಓಡಿಸಿ ಅಂತ ನಾನು ಹೇಳಲಿಲ್ಲ. ಹೊಸ ಪದ ಬೇಕಾದಾಗ ಮೊದಲು ಒಳಗೆ ಹುಡುಕಿ ಅಂದೆ. 'ಹೊಂಗೆಲಸ' ಒಪ್ಪುತ್ತೇನೆ. ಆದರೆ ಹೆಸರಿನಲ್ಲಿ ಬಿಟ್ಟುಕೊಡುವುದಿಲ್ಲ. ಇದು ಪಂಚತಂತ್ರದ ಕಥೆ. ದುರ್ಗಸಿಂಹ ಹನ್ನೊಂದನೆಯ ಶತಮಾನದಲ್ಲೇ ಅದನ್ನು ಕನ್ನಡದಲ್ಲಿ ಬರೆದ. 'ಕಲೀಲ' ಅನ್ನೋದು 'ಕರಟಕ'ದ ಕೆಟ್ಟ ರೂಪ. ಪಶ್ಚಿಮ ಏಷ್ಯಾದ ಹಳೆಯ ಭಾಷೆ ಸಿರಿಯಾಕ್‌ನಲ್ಲಿ 'ಕಲೀಲಗ್', 'ದಮ್ನಗ್' ಎಂದಿದೆ. ನಡುವೆ ಪಹ್ಲವಿ, ಅಂದರೆ ಇಸ್ಲಾಮಿಗೆ ಮೊದಲಿನ ಪಾರಸಿ ಇತ್ತು, ಆ ಲಿಪಿಯಲ್ಲಿ ರ, ಲ ಎರಡಕ್ಕೂ ಒಂದೇ ಅಕ್ಷರ ನಡೆಯುತ್ತಿತ್ತು. ಓದುವಾಗ ಕೆಟ್ಟ ಹೆಸರನ್ನು ನಾವು ತಿದ್ದಬಾರದಾ?

ಉತ್ತರ, ವಿಜಯಪುರದಿಂದ

ತಿದ್ದಬಾರದು. ಕಥೆಯೇ ಬದಲಾಗಿದೆ. ಆರನೆಯ ಶತಮಾನದಲ್ಲಿ ಇರಾನಿನ ರಾಜ ಖುಸ್ರೋ ಅನುಷಿರ್ವಾನನ ಆಸ್ಥಾನದ ಬುರ್ಜೋಯ್ ಅದನ್ನು ಪಹ್ಲವಿಗೆ ತಂದ. ಸುಮಾರು 750ರಲ್ಲಿ ಇಬ್ನ್ ಅಲ್-ಮುಕಫ್ಫಾ ಅರಬ್ಬಿಗೆ ತಂದ. ಹನ್ನೆರಡನೆಯ ಶತಮಾನದಲ್ಲಿ ನಸ್ರುಲ್ಲಾ ಮುನ್ಷಿ ಪಾರಸಿ ಗದ್ಯ ಮಾಡಿದ.

ಸಂಸ್ಕೃತದಲ್ಲಿ ದಮನಕ ಚಾಡಿ ಹೇಳಿ ಎತ್ತನ್ನು ಸಿಂಹದ ಕೈಯಲ್ಲಿ ಕೊಲ್ಲಿಸುತ್ತಾನೆ, ಮಂತ್ರಿಯಾಗಿ ಸುಖವಾಗಿರುತ್ತಾನೆ. ಅರಬ್ಬಿಯಲ್ಲಿ ಒಂದು ಅಧ್ಯಾಯವೇ ಹೊಸದಾಗಿ ಸೇರಿದೆ. ಸಿಂಹದ ತಾಯಿ ಬಿಡುವುದಿಲ್ಲ. ದಿಮ್ನನನ್ನು ಸೆರೆಗೆ ಹಾಕುತ್ತಾರೆ, ವಿಚಾರಣೆ ನಡೆಯುತ್ತದೆ. ಅವನು ಒಂದೊಂದು ಮಾತಿಗೂ ಎದುರು ಮಾತು ಹೂಡುತ್ತಾನೆ. ಕಲೀಲ ಕೊರಗಿ ಸಾಯುತ್ತಾನೆ. ಕೊನೆಗೆ ಸಾಕ್ಷಿ ಸಿಕ್ಕಿ ದಿಮ್ನನಿಗೆ ಸಾವಿನ ಶಿಕ್ಷೆ. ಇವನನ್ನು ದಮನಕ ಅಂತ ಕರೆದರೆ ಓದುಗರಿಗೆ ಬೇರೆ ಕಥೆ ಹೇಳಿದ ಹಾಗೆ. ಗೆದ್ದ ನರಿ ಒಂದು, ಶಿಕ್ಷೆಯಾದ ನರಿ ಇನ್ನೊಂದು.

ಉತ್ತರ, ಹಾಸನದಿಂದ

ಅವರು ಕೇಳಿದ್ದು ಒಂದು ಫಲಕಕ್ಕೆ. ನರಿಯ ವಂಶಾವಳಿ ಅಲ್ಲ.

ಪ್ರಶ್ನೆ ಕೇಳಿದವರು, ಬೆಂಗಳೂರಿನಿಂದ

ಇಲ್ಲ ಸರ್, ವಿಚಾರಣೆಯ ವಿಷಯ ನನಗೆ ಬೇಕೇ ಇತ್ತು. ನಾವು ಹಾಕುವ ಪುಟಗಳಲ್ಲಿ ಸಿಂಹ, ನರಿ ಎರಡೂ ಇವೆ. ಮಕ್ಕಳು ಖಂಡಿತ ಕೇಳುತ್ತಾರೆ. ಹೀಗೆ ಕಳಿಸುತ್ತಿದ್ದೇನೆ:

"ಕಲೀಲ ಮತ್ತು ದಿಮ್ನ. ಚಿನ್ನದ ಕೆಲಸವಿರುವ ಸಚಿತ್ರ ಹಸ್ತಪ್ರತಿ, ಪಾರಸಿ, ಹೆರಾತ್, 1429. ಪಂಚತಂತ್ರದ ಕರಟಕ, ದಮನಕ ಎಂಬ ನರಿಗಳ ಕಥೆ ಅರಬ್ಬಿಗೆ ಹೋಗಿ, ಅಲ್ಲಿ ಹೊಸ ಅಧ್ಯಾಯ ಸೇರಿಸಿಕೊಂಡು ಪಾರಸಿಗೆ ಬಂದದ್ದು."

'ಹೊಂಗೆಲಸ' ಚೆನ್ನಾಗಿದೆ. ಆದರೆ ನಿಂತು ಓದುವವರಿಗೆ ಒಂದೇ ಸಲಕ್ಕೆ ತಿಳಿಯಬೇಕು, ಅದಕ್ಕೆ ಬಿಟ್ಟೆ.

ಉತ್ತರ, ಶಿವಮೊಗ್ಗದಿಂದ

ಎಲ್ಲರೂ ಹೀಗೆ ಬಿಟ್ಟರೆ ಯಾವ ಪದವೂ ಹುಟ್ಟುವುದಿಲ್ಲ. ನನ್ನ ಒಪ್ಪಿಗೆ ಇಲ್ಲ.

ಉತ್ತರ, ಮೈಸೂರಿನಿಂದ

ಫಲಕ ಸರಿಯಾಗಿದೆ ಮೇಡಂ. ಹೆರಾತ್ ಪಕ್ಕ 'ಇಂದಿನ ಅಫ್ಘಾನಿಸ್ತಾನ' ಅಂತ ಸೇರಿಸಿ. ಪಾರಸಿ ಅಂದ ಕೂಡಲೇ ಜನ ಇರಾನ್ ಅಂದುಕೊಳ್ಳುತ್ತಾರೆ.