ಎಮರ್ಜೆನ್ಸಿ ಡಾಕ್ಟರ್ ಕ್ಲಿನಿಕಲ್ ಇನ್ಫರ್ಮ್ಯಾಟಿಕ್ಸ್‌ಗೆ ಹೋದರೆ ರೋಗಿಗೆ ಉಪಯೋಗ ಇದೆಯಾ?

ರಾತ್ರಿಪಾಳಿ:
ಎಲ್ಲರಿಗೂ ನಮಸ್ಕಾರ. ನನ್ನ ಊರು ಹಾಸನ, ಈಗ ಇಂಗ್ಲೆಂಡಿನ ಒಂದು ಆಸ್ಪತ್ರೆಯ ಎಮರ್ಜೆನ್ಸಿಯಲ್ಲಿ ಡಾಕ್ಟರ್. ನಮ್ಮಲ್ಲಿ ಹೊಸ ಸಾಫ್ಟ್‌ವೇರ್ ಬರುತ್ತಿದೆ, ವಾರಕ್ಕೆ ಎರಡು ದಿನ ಕ್ಲಿನಿಕಲ್ ಇನ್ಫರ್ಮ್ಯಾಟಿಕ್ಸ್ ತಂಡದ (ಆಸ್ಪತ್ರೆಯ ಕಂಪ್ಯೂಟರ್ ದಾಖಲೆ ಹೇಗಿರಬೇಕು ಅಂತ ನೋಡುವವರು) ಜೊತೆ ಇರುತ್ತೀರಾ ಅಂತ ಕೇಳಿದ್ದಾರೆ. ನನಗೆ ಕೋಡಿಂಗ್ ಬರುವುದಿಲ್ಲ. ಕಾರಿಡಾರಿನಲ್ಲಿ ಟ್ರಾಲಿ ಮೇಲೆ ಗಂಟೆಗಟ್ಟಲೆ ಮಲಗಿರುವ ಅಜ್ಜ ಅಜ್ಜಿಯರನ್ನು ಬಿಟ್ಟು ನಾನು ಕಂಪ್ಯೂಟರ್ ಮುಂದೆ ಕೂತರೆ ಅವರಿಗೆ ಏನು ಸಿಗುತ್ತದೆ ಅನ್ನುವುದೇ ನನ್ನ ಚಿಂತೆ.

ಟ್ರಯಾಜ್ ಅಕ್ಕ:
ಒಪ್ಪಿಕೊಳ್ಳಿ ಡಾಕ್ಟ್ರೇ. ನಾನೂ ಇಲ್ಲೇ ನರ್ಸ್, ಆರು ವರ್ಷದಿಂದ ಅರ್ಧ ವಾರ ಇದೇ ಕೆಲಸ. ಕೋಡಿಂಗ್ ಬೇಕಿಲ್ಲ. ನಮ್ಮಲ್ಲಿ ಮೊದಲು ನಾಡಿ, ಬಿಪಿ, ಉಸಿರು, ಆಕ್ಸಿಜನ್ ಎಲ್ಲ ಹಾಳೆಯಲ್ಲಿ ಬರೆದು, ರೋಗಿಯ ಸ್ಥಿತಿ ಎಷ್ಟು ಗಂಭೀರ ಅಂತ ಹೇಳುವ ನ್ಯೂಸ್2 ಅಂಕವನ್ನು ಮನಸ್ಸಿನಲ್ಲೇ ಕೂಡಿ, ಆಮೇಲೆ ಅದನ್ನೇ ಮತ್ತೆ ಟೈಪ್ ಮಾಡುತ್ತಿದ್ದೆವು. ರಾತ್ರಿ ಮೂರಕ್ಕೆ ಕೂಡುವುದು ತಪ್ಪುತ್ತದೆ, ಅಲ್ವಾ? ಈಗ ಒಂದೇ ಸಲ ಟೈಪ್ ಮಾಡಿದರೆ ಸಾಕು, ಲೆಕ್ಕ ಅದೇ ಹಾಕುತ್ತದೆ. ಅಂಕ 5 ಅಥವಾ ಹೆಚ್ಚು ಆದವರು ಡಾಕ್ಟರ ಪಟ್ಟಿಯಲ್ಲಿ ಮೇಲೆ ಬರುತ್ತಾರೆ, 7 ಅಥವಾ ಹೆಚ್ಚು ಆದರೆ ತಂಡವೇ ಓಡಿ ಬರಬೇಕು.
ನಾವು ತಪ್ಪೂ ಮಾಡಿದೆವು. ಎಲ್ಲದಕ್ಕೂ ಪರದೆ ಮೇಲೆ ಎಚ್ಚರಿಕೆ ಪೆಟ್ಟಿಗೆ ಬರುವ ಹಾಗೆ ಇಟ್ಟೆವು, ತಿಂಗಳೊಳಗೆ ಯಾರೂ ಓದದೆ ಮುಚ್ಚತೊಡಗಿದರು. ಮುಕ್ಕಾಲು ಭಾಗ ತೆಗೆಸಲು ಒಂದು ವರ್ಷ ಜಗಳ ಆಡಿದ್ದೇನೆ.

ಅಂಕಿಅಂಶ:
ಅಕ್ಕ ಹೇಳಿದ್ದು ಸರಿ. ನಾನು ಡೇಟಾ ನೋಡುವವನು. 2017ರ ಅಕ್ಟೋಬರ್‌ನಿಂದ ಇಂಗ್ಲೆಂಡಿನಲ್ಲಿ ಎಮರ್ಜೆನ್ಸಿ ಕೇರ್ ಡೇಟಾ ಸೆಟ್ ಅಂತ ಒಂದಿದೆ, ರೋಗಿ ಯಾಕೆ ಬಂದರು, ಏನು ಕಾಯಿಲೆ ಎಲ್ಲವನ್ನೂ ಸ್ನೋಮೆಡ್ ಅನ್ನುವ ವೈದ್ಯಕೀಯ ಪದಗಳ ಕೋಡಿನಲ್ಲಿ ತುಂಬಬೇಕು. ಆರಿಸಬೇಕಾದ ಕೋಡುಗಳ ಪಟ್ಟಿ ಉದ್ದ ಇದ್ದರೆ ದಣಿದ ಡಾಕ್ಟರ್ ಮೇಲಿನದ್ದನ್ನೇ ಒತ್ತುತ್ತಾರೆ, ಆ ಡೇಟಾ ಯಾವ ಕೆಲಸಕ್ಕೂ ಬರುವುದಿಲ್ಲ. ಪಟ್ಟಿ ಹೇಗಿರಬೇಕು ಅಂತ ಹೇಳುವುದು ನಿಮ್ಮಂಥವರಿಂದ ಮಾತ್ರ ಸಾಧ್ಯ. ಇನ್ನೊಂದು, ನಾಲ್ಕು ಗಂಟೆಯ ಗುರಿ, ಅಂದರೆ ಬಂದ ರೋಗಿಯನ್ನು ನಾಲ್ಕು ಗಂಟೆಯೊಳಗೆ ದಾಖಲು ಮಾಡಬೇಕು, ಬೇರೆಡೆಗೆ ಇಲ್ಲವೇ ಮನೆಗೆ ಕಳಿಸಬೇಕು. ಗ್ರಾಫ್ ತೆಗೆದರೆ ನಾಲ್ಕು ಗಂಟೆ ಮುಗಿಯುವ ಸ್ವಲ್ಪ ಮುಂಚೆ ದೊಡ್ಡ ಗುಡ್ಡ ಕಾಣುತ್ತದೆ, ಅಷ್ಟೊತ್ತಿಗೆ ಗಡಿಬಿಡಿಯಲ್ಲಿ ರೋಗಿಗಳನ್ನು ಕಳಿಸಿರುತ್ತಾರೆ. ಸರಾಸರಿ ಬಿಡಿ, 12 ಗಂಟೆ ದಾಟಿದವರು ಯಾರು, ಯಾವ ವಾರ್ಡಿನ ಹಾಸಿಗೆಗೆ ಕಾದರು ಅಂತ ನೋಡಿ. ನಿಮ್ಮ ಅಜ್ಜ ಅಜ್ಜಿಯರು ಅಲ್ಲೇ ಇರುತ್ತಾರೆ.

ತಾಲ್ಲೂಕು ಡಾಕ್ಟರ್:
ಕರ್ನಾಟಕದಿಂದ ಒಂದು ಮಾತು. ಹೃದಯ ಜ್ಯೋತಿ ಯೋಜನೆಯಲ್ಲಿ ತಾಲ್ಲೂಕು ಆಸ್ಪತ್ರೆಯಲ್ಲೇ ಇಸಿಜಿ ತೆಗೆದು ದೊಡ್ಡ ಆಸ್ಪತ್ರೆಯ ತಜ್ಞರಿಗೆ ಕಳಿಸುತ್ತೇವೆ, ಹೃದಯಾಘಾತ ಆಗಿದ್ದರೆ ರಕ್ತದ ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಇಂಜೆಕ್ಷನ್ ಉಚಿತ. ಇಲ್ಲಿ ಒಂದೊಂದು ನಿಮಿಷವೂ ಲೆಕ್ಕ. ನಾನು ಹಿಂದೆ ಇದ್ದ ಒಂದು ಕಡೆ ಇಸಿಜಿ ಯಂತ್ರದ ಗಡಿಯಾರ 20 ನಿಮಿಷ ಹಿಂದಿತ್ತು. ರೋಗಿ ಬರುವ ಮೊದಲೇ ಇಸಿಜಿ ತೆಗೆದ ಹಾಗೆ ದಾಖಲೆ! ತಿಂಗಳುಗಟ್ಟಲೆ ಯಾರೂ ಗಮನಿಸಿರಲಿಲ್ಲ. ಮೊದಲು ಎಲ್ಲ ಗಡಿಯಾರ ಸರಿ ಮಾಡಿಸಿ.

ರಾತ್ರಿಪಾಳಿ:
ತುಂಬಾ ಥ್ಯಾಂಕ್ಸ್. ಒಪ್ಪಿಕೊಂಡೆ. ಸೋಮವಾರ ಇಡೀ ದಿನ ಟ್ರಯಾಜ್ (ಯಾರನ್ನು ಮೊದಲು ನೋಡಬೇಕು ಅಂತ ನಿರ್ಧರಿಸುವ) ಮೇಜಿನ ಪಕ್ಕ ಸುಮ್ನೆ ಕೂತು, ನರ್ಸ್ ಒಂದೇ ವಿಷಯವನ್ನು ಎಷ್ಟು ಸಲ ಬರೆಯುತ್ತಾರೆ ಅಂತ ಎಣಿಸುತ್ತೇನೆ. ನಮ್ಮ ಇಸಿಜಿ ಯಂತ್ರದ ಗಡಿಯಾರ ಈಗಷ್ಟೇ ನೋಡಿ ಬಂದೆ, ಏಳು ನಿಮಿಷ ಮುಂದಿದೆ.